ಪಾಳಿ ಬದಲಾಗುವಾಗ ರೋಗಿ ಯಾರ ಹೊಣೆ?

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕ ಸಂಹಿತೆ ಹೇಳುತ್ತದೆ: ವೈದ್ಯ, ಔಷಧ, ಶುಶ್ರೂಷೆ ಮಾಡುವವರು ಮತ್ತು ರೋಗಿ. ಶುಶ್ರೂಷಕರಿಗೆ ಬೇಕಾದ ಗುಣಗಳೂ ನಾಲ್ಕು: ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವ. ಇಂದಿನ ಆಸ್ಪತ್ರೆಗಳಲ್ಲಿ ಶುಶ್ರೂಷೆ ಒಬ್ಬರ ಕೈಯಲ್ಲಿ ಉಳಿದಿಲ್ಲ. ದಿನಕ್ಕೆ ಎರಡು ಮೂರು ಸಲ ದಾದಿಯರು ಬದಲಾಗುತ್ತಾರೆ. ರೋಗವು ಪಾಳಿಯನ್ನು ನೋಡಿ ನಿಲ್ಲುವುದಿಲ್ಲ. ಹೋಗುವವರು ಅರಿತದ್ದು ಬರುವವರಿಗೆ ತಲುಪದಿದ್ದರೆ ಆಗುವ ಅನಾಹುತಕ್ಕೆ ಬೆಳಗಾವಿಯ ಮಗಳೊಬ್ಬಳ ಸಾವು ಸಾಕ್ಷಿಯಾಗಿದೆ.

ದಂತವೈದ್ಯೆ ಸವಿತಾ ಹಾಲಪ್ಪನವರ ಅವರು ಹದಿನೇಳು ವಾರಗಳ ಗರ್ಭಿಣಿಯಾಗಿದ್ದಾಗ, 2012ರ ಅಕ್ಟೋಬರ್ 21ರಂದು, ಐರ್ಲೆಂಡಿನ ಗಾಲ್ವೇ ವಿಶ್ವವಿದ್ಯಾಲಯ ಆಸ್ಪತ್ರೆಗೆ ದಾಖಲಾದರು. ಗರ್ಭ ಉಳಿಯುವಂತಿರಲಿಲ್ಲ. ಆದರೂ ಭ್ರೂಣದ ಹೃದಯಬಡಿತ ಇದ್ದುದರಿಂದ, ಗರ್ಭಪಾತ ಮಾಡಿಸಬೇಕೆಂಬ ಅವರ ಕೋರಿಕೆಯನ್ನು ಅಲ್ಲಿನ ಕಾನೂನಿನ ಕಾರಣ ಹೇಳಿ ನಿರಾಕರಿಸಲಾಯಿತು. ರಕ್ತಕ್ಕೆ ನಂಜೇರಿ 28ರಂದು ತೀರಿಕೊಂಡಾಗ ಅವರಿಗೆ 31 ವರ್ಷ. 2018ರ ಜನಮತದ ಬಳಿಕ ಆ ಕಾನೂನು ಬದಲಾಯಿತು.

ಕಾನೂನಿನ ಚರ್ಚೆ ಲೋಕಕ್ಕೆಲ್ಲ ಕೇಳಿಸಿತು. ತನಿಖೆಗಳು ತೋರಿಸಿದ ಇತರ ಲೋಪಗಳು ಅಷ್ಟಾಗಿ ಕೇಳಿಸಲಿಲ್ಲ. ದಾಖಲಾದ ದಿನದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ಹೆಚ್ಚಿದ್ದವು. ಆ ಫಲಿತಾಂಶವನ್ನು ಯಾರೂ ಮುಂದುವರಿಸಿ ನೋಡಲಿಲ್ಲ. ನೀರು ಒಡೆದ ಮೇಲೆ ನಾಲ್ಕು ಗಂಟೆಗೊಮ್ಮೆ ನೋಡಬೇಕಿದ್ದ ನಾಡಿ, ಜ್ವರ, ರಕ್ತದೊತ್ತಡಗಳನ್ನು ನಿಯಮದಂತೆ ನೋಡಲಿಲ್ಲ. 24ರ ನಸುಕಿನಲ್ಲಿ ಕಿರಿಯ ವೈದ್ಯರು ದುರ್ಗಂಧದ ಸ್ರಾವವನ್ನು ಕಂಡು ಬರೆದಿಟ್ಟಿದ್ದರು. ಸ್ವಲ್ಪ ಹೊತ್ತಿನಲ್ಲೇ ರೋಗಿಯನ್ನು ನೋಡಲು ಬಂದ ಹಿರಿಯ ವೈದ್ಯರಿಗೆ ಅದು ತಿಳಿದಿರಲಿಲ್ಲ. 2013ರ ಏಪ್ರಿಲ್‌ನಲ್ಲಿ ನಡೆದ ಮರಣ ವಿಚಾರಣೆಯ ಶಿಫಾರಸುಗಳಲ್ಲಿ ಒಂದು ಇದು: ಪಾಳಿ ಒಪ್ಪಿಸುವಾಗ ಮಾಹಿತಿ ಹೇಳುವುದಕ್ಕೆಂದೇ ಸಮಯವನ್ನು ಮೀಸಲಿಡಬೇಕು.

ಹಾಗಾದರೆ ಹೊಣೆ ಯಾರದು? ವೈದ್ಯಕೀಯ ಲೋಪವನ್ನು ಅಪರಾಧವೆನ್ನಲು ಅದು ಘೋರ ನಿರ್ಲಕ್ಷ್ಯವಾಗಿರಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ. ಅಪರಾಧವಲ್ಲದ ಮಾತ್ರಕ್ಕೆ ಹೊಣೆ ಇಲ್ಲವೆಂದು ತಿಳಿಯಬಾರದು. ತಿಳಿದದ್ದನ್ನು ಹೇಳದೆ ಹೋದ ದಾದಿ ಉತ್ತರ ಕೊಡಬೇಕು; ಕೇಳದೆ ಪಾಳಿ ವಹಿಸಿಕೊಂಡವರೂ ಕೊಡಬೇಕು. ಒಬ್ಬ ದಾದಿಗೆ ಹತ್ತಾರು ರೋಗಿಗಳನ್ನು ಒಪ್ಪಿಸಿ, ಮಾತಾಡಲು ಹತ್ತು ನಿಮಿಷವನ್ನೂ ಬಿಡದ ಆಡಳಿತವೂ ಉತ್ತರ ಕೊಡಬೇಕು. ಸಾವಿನ ಹೊತ್ತಿಗೆ ಹಾಸಿಗೆಯ ಬಳಿ ಇದ್ದ ದಾದಿಯೊಬ್ಬಳ ಮೇಲೆ ಎಲ್ಲವನ್ನೂ ಹೊರಿಸಿದರೆ ನ್ಯಾಯ ಸಿಗದು. ಲೋಪವೂ ಹಾಗೆಯೇ ಉಳಿಯುತ್ತದೆ.

ಪಾಳಿ ಒಪ್ಪಿಸುವಾಗ ನಾಲ್ಕು ಸಂಗತಿ ಹೇಳಬೇಕು: ರೋಗಿಯ ಈಗಿನ ಸ್ಥಿತಿ, ಹಿನ್ನೆಲೆ, ತಮ್ಮ ಅಂದಾಜು, ಮುಂದೆ ಆಗಬೇಕಾದ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಈ ಕ್ರಮವನ್ನು ಸೂಚಿಸಿದೆ. ಇದನ್ನು ರೋಗಿಯ ಹಾಸಿಗೆಯ ಬಳಿಯೇ ಹೇಳುವುದು ಒಳ್ಳೆಯದು. ಕೇಳಿದವರು ಮರಳಿ ಹೇಳಿದರೆ ತಪ್ಪು ಆಗಲೇ ತಿಳಿಯುತ್ತದೆ.

ಭಕ್ತರಲ್ಲಿ ನಮ್ಮ ವಿನಂತಿ: ನಿಮ್ಮವರು ಆಸ್ಪತ್ರೆಯಲ್ಲಿದ್ದರೆ ಪಾಳಿ ಬದಲಾಗುವ ಹೊತ್ತಿಗೆ ಒಬ್ಬರು ಹಾಸಿಗೆಯ ಬಳಿ ಇರಿ. ಜ್ವರ, ಔಷಧದ ಒಗ್ಗದಿಕೆ, ಬರಬೇಕಾದ ಪರೀಕ್ಷೆಯ ಫಲಿತಾಂಶ, ಇವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹೊಸದಾಗಿ ಬಂದ ದಾದಿಯನ್ನು, "ತಾಯಿ, ಇದು ನಿಮಗೆ ತಿಳಿದಿದೆಯೇ?" ಎಂದು ವಿನಯದಿಂದ ಕೇಳಿ. ಸ್ಥಿತಿ ಹದಗೆಡುತ್ತಿದೆ ಎನಿಸಿದರೆ ಸಂಕೋಚಪಡದೆ ವೈದ್ಯರನ್ನು ಕರೆಸಿರಿ.

ಶರಣರು ಕಾಯಕವನ್ನು ಪೂಜೆಯೆಂದು ಕಂಡರು. ರೋಗಿಯನ್ನು ಅರಿವಿನೊಡನೆ ಮುಂದಿನ ಕೈಗೆ ಒಪ್ಪಿಸಿದಾಗಲೇ ದಾದಿಯ ಆ ದಿನದ ಕಾಯಕ ಪೂರ್ಣವಾಗುತ್ತದೆ.