ಕಿಕ್ ಎಲ್ಲಿ ಹೋಯ್ತು?

ಹುಣಸೂರಿನ ಫ್ರೆಂಡ್ ಮನೆ ರೂಮಲ್ಲಿ ಕಾಲೇಜು ಫೆಸ್ಟಿಗೆ ಹಾಡು ಮಿಕ್ಸ್ ಮಾಡಿದ್ವಿ. ಕಿಕ್ ಡ್ರಮ್ ಎದೆಗೇ ಬಡೀತಿತ್ತು. ಜಾಸ್ತಿ ಆಯ್ತು ಅಂತ ಬೇಸ್ ಇಳಿಸಿದ್ವಿ. ಕೆ.ಆರ್. ನಗರಕ್ಕೆ ಹೋಗುವಾಗ ಕಾರಲ್ಲಿ ಕೇಳಿದ್ರೆ ಕಿಕ್ಕೇ ಇಲ್ಲ! ಸ್ಪೀಕರ್ ಚೆನ್ನಾಗೇ ಇತ್ತು, ಮೋಸ ಮಾಡಿದ್ದು ರೂಮು.

ಲೆಕ್ಕ ಸುಲಭ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತೆ. ರೂಮಿನ ಉದ್ದ 11 ಅಡಿ. ಹೋಗಿ ಬರೋಕೆ 22. 1130 ಅನ್ನು 22ರಿಂದ ಭಾಗಿಸಿದ್ರೆ ಸುಮಾರು 51 ಹರ್ಟ್ಸ್. ಆ ಅಲೆ ಎರಡು ಗೋಡೆಗಳ ಮಧ್ಯೆ ನಿಂತುಬಿಡುತ್ತೆ: ಗೋಡೆ ಹತ್ತಿರ ಜೋರು, ನಟ್ಟನಡುವೆ ಹೆಚ್ಚೂಕಡಿಮೆ ಮಾಯ. ನಾವು ಕೂತಿದ್ದು ಹಿಂದಿನ ಗೋಡೆಗೆ ಒರಗಿಕೊಂಡು!

ಹಾಗಾಗಿ ಮೊದಲು ಜಾಗ, ಆಮೇಲೆ ಈಕ್ವಲೈಸರ್. ಎರಡು ಸ್ಪೀಕರ್ ಮತ್ತು ನಮ್ಮ ತಲೆ ಸಮಬಾಹು ತ್ರಿಭುಜ ಆಗ್ಬೇಕು, ಟ್ವೀಟರ್ ಕಿವಿ ಮಟ್ಟಕ್ಕಿರಬೇಕು. ಕುರ್ಚಿಯನ್ನ ಮುಂದಿನ ಗೋಡೆಯಿಂದ ಉದ್ದದ 38%, ಅಂದ್ರೆ ಸುಮಾರು 4 ಅಡಿ ದೂರಕ್ಕೆ ಹಾಕಿ ಶುರುಮಾಡಿ. ಗೋಡೆಗೆ ಕಂಬಳಿ ನೇತುಹಾಕಿದ್ರೆ ಚಪ್ಪಾಳೆಯ ಪ್ರತಿಧ್ವನಿ ತಗ್ಗುತ್ತೆ, ಬೇಸ್ ಜಗ್ಗಲ್ಲ.

ಆಮೇಲೆ ಮೆಷರ್‌ಮೆಂಟ್ ಮೈಕ್ ಇಟ್ಟು ಸ್ವೀಪ್ ಓಡಿಸಿ. ಗ್ರಾಫಲ್ಲಿ ಉಬ್ಬಿದ್ದನ್ನ ಇಳಿಸಬಹುದು. ಹಳ್ಳ ತುಂಬೋಕೆ ಹೋಗ್ಬೇಡಿ: ನಾವು ಎಷ್ಟು ಏರಿಸಿದ್ರೂ ಗೋಡೆಯಿಂದ ವಾಪಸ್ ಬರೋ ಅಲೆಯೂ ಅಷ್ಟೇ ಏರಿ ಅದನ್ನ ಅಳಿಸಿಹಾಕುತ್ತೆ.

ಕುರ್ಚಿ ಸರಿಸಿ ಮತ್ತೆ ಮಿಕ್ಸ್ ಮಾಡಿದ್ವಿ. ಈ ಸಲ ಕಾರಲ್ಲೂ ಕಿಕ್ ಸಿಕ್ತು.