ಮನೆಮಂದಿಯೊಡನೆ ಮಹಾನಗರಕ್ಕೆ

ಕೋಶ ಓದು, ದೇಶ ಸುತ್ತು ಎಂಬ ಮಾತನ್ನು ನಾವೆಲ್ಲರೂ ಬಲ್ಲೆವು. ಕೋಶವನ್ನು ಓದುವುದಕ್ಕೆ ಒಬ್ಬನಿದ್ದರೆ ಸಾಕು. ದೇಶ ಸುತ್ತುವಾಗಲಾದರೋ ಜೊತೆಯಲ್ಲಿ ಮೊಣಕಾಲು ನೋವಿನ ಅಜ್ಜಿ ಇರುತ್ತಾರೆ, ಕಂಡದ್ದನ್ನೆಲ್ಲ ಬೇಕೆನ್ನುವ ತಮ್ಮನಿರುತ್ತಾನೆ, ಕೈಚೀಲ ಹೊತ್ತ ತಾಯಿ ಇರುತ್ತಾರೆ. ಇವರೆಲ್ಲರನ್ನೂ ಕರೆದುಕೊಂಡು ಎರಡು ದಿನ ಒಂದು ದೊಡ್ಡ ನಗರವನ್ನು ನೋಡಿ ಬರುವುದು ಸುಲಭವೆಂದು ತೋರಬಹುದು. ಅದು ಸುಲಭವಲ್ಲವೆಂಬುದನ್ನು ನಾನು ಕಲಿತದ್ದು ತಡವಾಗಿ, ಅದೂ ಬೇರೊಬ್ಬರ ಕಷ್ಟದಿಂದ.

1994ರ ಬೇಸಿಗೆಯ ರಜೆಯಲ್ಲಿ ನನ್ನ ತಾಯಿ, ಪತ್ನಿ ಮತ್ತು ಇಬ್ಬರು ಮಕ್ಕಳನ್ನು ತಿಪಟೂರಿನಿಂದ ಬೆಂಗಳೂರಿಗೆ ಕರೆದೊಯ್ದಿದ್ದೆ. ಹಿಂದಿನ ರಾತ್ರಿ ಒಂದು ಹಾಳೆಯ ಮೇಲೆ ಹನ್ನೊಂದು ಸ್ಥಳಗಳ ಹೆಸರನ್ನು ಬರೆದಿಟ್ಟುಕೊಂಡಿದ್ದೆ. ಬೆಳಗಿನ ರೈಲಿನಲ್ಲಿ ಇಳಿದು ಸಂಜೆಯ ರೈಲನ್ನು ಹತ್ತುವುದರೊಳಗೆ ಹನ್ನೊಂದನ್ನೂ ತೋರಿಸಿಬಿಡಬೇಕೆಂಬುದು ನನ್ನ ಹಟ. ತಾಯಿಯವರಿಗೆ ಸಕ್ಕರೆ ಕಾಯಿಲೆ ಇತ್ತು. ಹೋಟೆಲಿನಲ್ಲಿ ಉಣ್ಣುವ ರೂಢಿ ಅವರಿಗಿರಲಿಲ್ಲ. ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಆದರೆ ಅದನ್ನು ಬಿಚ್ಚಲು ಒಂದು ನೆರಳು, ಒಂದು ಬೆಂಚು, ಕಾಲು ಗಂಟೆಯ ಬಿಡುವು ಬೇಕಲ್ಲವೆ? ನನ್ನ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ನಾವು ನಾಲ್ವರೂ ಅವಸರದಲ್ಲಿ ಏನೋ ತಿಂದೆವು. ಅವರು “ನನಗೀಗ ಹಸಿವಿಲ್ಲಪ್ಪ, ನೀವು ತಿನ್ನಿ” ಎಂದರು. ನಾನು ನಂಬಿದೆ. ಮಧ್ಯಾಹ್ನ ಮೂರು ಗಂಟೆಗೆ ಏಳನೆಯ ಸ್ಥಳಕ್ಕೆ ಹೋಗಲು ಬಸ್ಸಿಗಾಗಿ ನಿಂತಿದ್ದಾಗ ಅವರ ಮೈಯೆಲ್ಲ ಬೆವತು, ಕೈ ನಡುಗಿ, ನಿಂತಲ್ಲೇ ಕುಸಿದರು. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ನುಂಗಿ ಊಟವನ್ನು ತಪ್ಪಿಸಿದರೆ ರಕ್ತದಲ್ಲಿ ಸಕ್ಕರೆಯ ಅಂಶ ಅಪಾಯವಾಗುವಷ್ಟು ಇಳಿದುಹೋಗುತ್ತದೆಂಬುದು ನನಗೆ ಆಗ ತಿಳಿದಿರಲಿಲ್ಲ. ಪಕ್ಕದಲ್ಲಿ ಹೂವು ಮಾರುತ್ತಿದ್ದ ಹೆಂಗಸೊಬ್ಬರು ನೋಡಿದೊಡನೆ ಅರಿತು, ಎಚ್ಚರವಿದೆಯೆಂದು ಖಚಿತಮಾಡಿಕೊಂಡು, ಬೆಲ್ಲದ ಚೂರನ್ನು ತಾಯಿಯವರ ಬಾಯಿಗಿಟ್ಟರು. ಹದಿನೈದು ನಿಮಿಷದಲ್ಲಿ ಅವರು ಚೇತರಿಸಿಕೊಂಡರು. ಉಳಿದ ಸ್ಥಳಗಳನ್ನು ಯಾರೂ ಕೇಳಲಿಲ್ಲ.

ಅಂದಿನಿಂದ ನಾನು ಯೋಜನೆಯನ್ನು ತಲೆಕೆಳಗು ಮಾಡಿಕೊಂಡೆ. ಮೊದಲು ಊಟದ ಹೊತ್ತುಗಳನ್ನು ಬರೆಯುತ್ತೇನೆ. ಅನಂತರ ಆ ಹೊತ್ತುಗಳ ನಡುವೆ ಎಷ್ಟು ಸ್ಥಳಗಳು ಹಿಡಿಸುತ್ತವೆಂದು ನೋಡುತ್ತೇನೆ. ಸಾಮಾನ್ಯವಾಗಿ ಬೆಳಿಗ್ಗೆ ಒಂದು, ಸಂಜೆ ಒಂದು, ಹೆಚ್ಚೆಂದರೆ ಮೂರು. ಇದು ಸೋಮಾರಿತನವೆಂದು ಮಕ್ಕಳು ಗೊಣಗುವುದುಂಟು.

ಎರಡನೆಯ ಸಂಗತಿ ದಿಕ್ಕು. ಒಂದು ದಿನಕ್ಕೆ ಒಂದು ದಿಕ್ಕನ್ನು ಮಾತ್ರ ಆರಿಸಿಕೊಳ್ಳಬೇಕು. ನಗರದಲ್ಲಿ ದೂರವನ್ನು ಮೈಲಿಯಿಂದ ಅಳೆದರೆ ಪ್ರಯೋಜನವಿಲ್ಲ, ಗಂಟೆಯಿಂದ ಅಳೆಯಬೇಕು. ಬೆಳಿಗ್ಗೆ ಕಚೇರಿಗೆ ಹೋಗುವ ಹೊತ್ತಿನಲ್ಲೂ ಸಂಜೆ ಕಚೇರಿ ಬಿಡುವ ಹೊತ್ತಿನಲ್ಲೂ ಹೊರಗಿನವರು ವಾಹನವೇರದಿರುವುದೇ ಲೇಸು.

ಬೆಂಗಳೂರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ರೈಲಿನಿಂದ ಇಳಿದವರಿಗೆ ನಿಲ್ದಾಣದ ಬಳಿಯೇ ‘ನಮ್ಮ ಮೆಟ್ರೊ’ ದೊರೆಯುತ್ತದೆ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗಿನ ಒಂದು ತುಂಡು ಮಾರ್ಗವಾಗಿ ಆರಂಭವಾದ ಇದು ಇಂದು ನೇರಳೆ, ಹಸಿರು, ಹಳದಿ ಎಂಬ ಬಣ್ಣದ ಹೆಸರುಗಳಿಂದ ಊರಿನ ನಾಲ್ಕು ದಿಕ್ಕಿಗೂ ಚಾಚಿದೆ. ನೇರಳೆ ಪೂರ್ವ ಪಶ್ಚಿಮವಾಗಿಯೂ ಹಸಿರು ಉತ್ತರ ದಕ್ಷಿಣವಾಗಿಯೂ ಓಡುತ್ತವೆ. ಇವೆರಡೂ ಮೆಜೆಸ್ಟಿಕ್‌ನಲ್ಲಿ, ಕೆಂಪೇಗೌಡರ ಹೆಸರಿನ ನಿಲ್ದಾಣದಲ್ಲಿ, ನೆಲದಡಿ ಒಂದರ ಕೆಳಗೊಂದಾಗಿ ಸಂಧಿಸುತ್ತವೆ. ಅಲ್ಲಿ ಜನಸಂದಣಿ ಬಹಳ. ಚಲಿಸುವ ಮೆಟ್ಟಿಲನ್ನು ಕಂಡು ಹೆದರುವ ಹಿರಿಯರನ್ನು ಅದರ ಮೇಲೆ ಬಲವಂತದಿಂದ ನಿಲ್ಲಿಸಬಾರದು. ನಿಲ್ದಾಣಗಳಲ್ಲಿ ಲಿಫ್ಟ್ ಇರುತ್ತದೆ, ಎಲ್ಲಿದೆಯೆಂದು ಸಿಬ್ಬಂದಿಯನ್ನು ಕೇಳಿದರೆ ಸಾಕು. ಮನೆಮಂದಿ ಚದುರಿಹೋದರೆ ಎಲ್ಲಿ ಸೇರಬೇಕೆಂಬುದನ್ನು ನಿಲ್ದಾಣದೊಳಕ್ಕೆ ಕಾಲಿಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಚಿಕ್ಕ ಮಗುವಿನ ಜೇಬಿನಲ್ಲಿ ತಂದೆತಾಯಿಯ ದೂರವಾಣಿ ಸಂಖ್ಯೆ ಬರೆದ ಚೀಟಿ ಇರಲಿ.

ಮೊದಲ ದಿನವನ್ನು ಹಸಿರು ಮಾರ್ಗಕ್ಕೆ ಮೀಸಲಿಡಬಹುದು. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಬಸವನಗುಡಿ. ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನವಿದೆ. ಅದರ ದೋಸೆಗಾಗಿ ಜನ ಬಾಗಿಲಲ್ಲಿ ಹೆಸರು ಬರೆಸಿ ಕಾಯುತ್ತಾರೆ. ಅಲ್ಲಿಂದ ದೊಡ್ಡ ಬಸವಣ್ಣನ ಗುಡಿಯನ್ನು ನೋಡಿಕೊಂಡು ಲಾಲ್‌ಬಾಗಿಗೆ ಬರಬಹುದು. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಇಂದು 240 ಎಕರೆಯಷ್ಟು ವಿಸ್ತಾರವಾಗಿದೆ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಗಾಜಿನ ಮನೆಯನ್ನು ನೋಡಿ ಹಿಂದಿರುಗುವವರೇ ಹೆಚ್ಚು. ಆದರೆ ಅಲ್ಲಿನ ಬಂಡೆಯನ್ನು ನೋಡದೆ ಬರಬಾರದು. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ಶಿಲೆ ಅದು. ಅದರ ಮೇಲೆ ಕೆಂಪೇಗೌಡರ ಕಾಲದ್ದೆಂದು ಹೇಳುವ ಗೋಪುರವಿದೆ. ಜನವರಿ ಮತ್ತು ಆಗಸ್ಟ್ ತಿಂಗಳುಗಳ ಫಲಪುಷ್ಪ ಪ್ರದರ್ಶನದ ವೇಳೆಯಲ್ಲಿ ಹೂವು ಬಹಳ, ಜನ ಅದಕ್ಕಿಂತ ಬಹಳ. ನಡೆಯಲಾರದವರಿದ್ದರೆ ಬೇರೆ ದಿನ ಹೋಗುವುದು ಮೇಲು. ತೋಟದ ಮುಖ್ಯ ದ್ವಾರದ ಸಮೀಪವೇ ಮಾವಳ್ಳಿಯ ಎಂ.ಟಿ.ಆರ್. ಇದೆ. 1924ರಲ್ಲಿ ಹುಟ್ಟಿದ ಈ ಹೋಟೆಲಿನಲ್ಲೇ, ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದ ಕಾಲದಲ್ಲಿ, ರವೆ ಇಡ್ಲಿ ಹುಟ್ಟಿತೆಂದು ಹೇಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಾವಳ್ಳಿಯ ಹೋಟೆಲಿಗೆ ಸೋಮವಾರ ರಜೆ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ. ಇಂಥ ಹಳೆಯ ಹೋಟೆಲುಗಳಲ್ಲಿ ಹಲವು ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕುತ್ತವೆ. ತಿಂಡಿಯ ಹೋಟೆಲಿಗೆ ಊಟದ ವೇಳೆಗೂ, ಊಟದ ಹೋಟೆಲಿಗೆ ತಿಂಡಿಯ ವೇಳೆಗೂ ಹೋಗಿ ಹಸಿದ ಮಕ್ಕಳೊಡನೆ ಬೀದಿಯಲ್ಲಿ ನಿಲ್ಲುವುದಕ್ಕಿಂತ ಹಿಂದಿನ ದಿನ ದೂರವಾಣಿಯಲ್ಲಿ ಕೇಳಿಕೊಳ್ಳುವುದು ಜಾಣತನ.

ಬೆಂಗಳೂರಿಗೇ ವಿಶಿಷ್ಟವಾದ ಇನ್ನೊಂದು ಬಗೆ ‘ದರ್ಶಿನಿ’. 1980ರ ದಶಕದಲ್ಲಿ ಬೆಳೆದ ಈ ಉಪಾಹಾರ ಗೃಹಗಳಲ್ಲಿ ಮೊದಲೇ ಹಣ ಕೊಟ್ಟು, ಚೀಟಿ ಪಡೆದು, ತಟ್ಟೆಯನ್ನು ತಾವೇ ತಂದುಕೊಂಡು, ನಿಂತೇ ತಿನ್ನಬೇಕು. ಬಡಿಸುವವರ, ಮೇಜು ಕುರ್ಚಿಗಳ ವೆಚ್ಚ ಉಳಿಯುವುದರಿಂದ ಬೆಲೆ ಕಡಿಮೆ. ಬಂದವರು ಬೇಗ ತಿಂದು ಹೋಗುವುದರಿಂದ ತಿಂಡಿ ಸದಾ ಬಿಸಿ. ಆದರೆ ಮೊಣಕಾಲು ನೋವಿನ ಅಜ್ಜಿಗೆ ಅದು ತಕ್ಕುದಲ್ಲ. ಆದುದರಿಂದ ಬೆಳಗಿನ ತಿಂಡಿ ದರ್ಶಿನಿಯಲ್ಲಾದರೂ ಮಧ್ಯಾಹ್ನದ ಊಟ ಕುಳಿತು ಉಣ್ಣುವ ಕಡೆಯೇ ಆಗಬೇಕು. ಕುಳಿತುಕೊಳ್ಳುವುದಕ್ಕಾಗಿಯೇ ಹತ್ತು ರೂಪಾಯಿ ಹೆಚ್ಚು ತೆತ್ತರೆ ನಷ್ಟವಿಲ್ಲ. ಖರ್ಚು ಉಳಿಸಲು ಮೂರು ಹೊತ್ತಿಗೂ ಬುತ್ತಿ ಕಟ್ಟುವ ಮನೆಗಳುಂಟು. ಆ ಬುತ್ತಿಗಾಗಿ ಬೆಳಗಿನ ಜಾವ ಮೂರು ಗಂಟೆಗೆ ಏಳುವವರು ಯಾರು? ತಾಯಿಗೂ ಅದು ರಜೆಯೇ ಆಗಬೇಕಷ್ಟೆ. ಒಂದು ಹೊತ್ತಿನ ಮೊಸರನ್ನ ಕೈಯಲ್ಲಿದ್ದರೆ ಸಾಕು. ಅದನ್ನು ಕಟ್ಟಲು ಮನೆಯ ಉಳಿದವರೂ ಕಲಿಯಬಹುದು.

ಎರಡನೆಯ ದಿನ ನೇರಳೆ ಮಾರ್ಗ. ಕೆಂಗಲ್ ಹನುಮಂತಯ್ಯನವರ ಆಸಕ್ತಿಯಿಂದ ಎದ್ದು 1956ರಲ್ಲಿ ಪೂರ್ಣಗೊಂಡ ವಿಧಾನಸೌಧ, ಅದರ ಎದುರಿಗೆ ಕೆಂಪು ಬಣ್ಣದ ಅಠಾರ ಕಚೇರಿ, ಅದರ ಹಿಂದೆ ಕಬ್ಬನ್ ಉದ್ಯಾನ, ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ವಿಜ್ಞಾನ ವಸ್ತುಸಂಗ್ರಹಾಲಯ: ಇವೆಲ್ಲ ಒಂದೇ ನೆರೆಯಲ್ಲಿವೆ. ವಸ್ತುಸಂಗ್ರಹಾಲಯದೊಳಗೆ ಹೊಕ್ಕ ಮಕ್ಕಳು ಬೇಗನೆ ಹೊರಬರುವುದಿಲ್ಲ. ಆ ದಿನಕ್ಕೆ ಅದೊಂದೇ ಸಾಕೆಂದು ನನ್ನ ಅಭಿಪ್ರಾಯ.

ಮೆಟ್ರೊ ಮುಟ್ಟದ ಕಡೆಗೆ ನಗರ ಸಾರಿಗೆಯ ಬಸ್ಸುಗಳಿವೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಂತೆ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯಬೇಕು. ಹವಾನಿಯಂತ್ರಿತ ಬಸ್ಸಿಗೂ ಮೆಟ್ರೊಗೂ ಇದು ಅನ್ವಯಿಸದು. ಹೀಗಾಗಿ ನಮ್ಮ ಮನೆಯಲ್ಲಿ ಬಸ್ಸಿನಲ್ಲಿ ಕಾಸು ತೆರುವವರು ನಾನೂ ನನ್ನ ಮಗನೂ ಇಬ್ಬರೇ. ಮೊಬೈಲಿನಲ್ಲೇ ಹಣ ಕೊಡುವ ಅಭ್ಯಾಸ ಈಗ ಬೆಳೆದಿದೆ, ಒಳ್ಳೆಯದೇ. ಆದರೂ ಟಿಕೆಟ್ಟು, ಹಣ, ನಕ್ಷೆ ಎಲ್ಲವೂ ಒಬ್ಬರ ಒಂದೇ ಫೋನಿನಲ್ಲಿದ್ದು ಅದರ ಬ್ಯಾಟರಿ ಮುಗಿದರೆ ಇಡೀ ಮನೆ ಬೀದಿಯಲ್ಲಿ ನಿಲ್ಲುತ್ತದೆ. ಇಬ್ಬರ ಬಳಿಯಾದರೂ ಚಿಲ್ಲರೆ ಹಣವಿರಲಿ. ನಿಲ್ದಾಣಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಮನೆಯ ವಿದ್ಯಾರ್ಥಿಯೇ ವಹಿಸಿಕೊಳ್ಳಬಹುದು.

ಆ ಹನ್ನೊಂದು ಸ್ಥಳಗಳ ಪ್ರವಾಸದ ಅನಂತರ ನನ್ನ ತಾಯಿಯವರು ಬೆಂಗಳೂರಿನ ಮಾತೆತ್ತಿದರೆ ನಕ್ಕು ಸುಮ್ಮನಾಗುತ್ತಿದ್ದರು. 2012ರಲ್ಲಿ ಮತ್ತೆ ಕರೆದಾಗ, “ಏನೇನು ನೋಡಬೇಕು?” ಎಂದು ಅನುಮಾನದಿಂದಲೇ ಕೇಳಿದರು. ಮೆಟ್ರೊ ರೈಲೊಂದನ್ನೇ ಎಂದೆ. ಹನ್ನೆರಡೂವರೆಗೆ ನೆರಳಿನಲ್ಲಿ ಕುಳಿತು, ಅವರು ತಂದಿದ್ದ ಮೊಸರನ್ನವನ್ನು ಎಲ್ಲರೂ ಉಂಡೆವು. ಮಹಾತ್ಮ ಗಾಂಧಿ ರಸ್ತೆಯಲ್ಲಿ ಲಿಫ್ಟ್ ಏರಿ ರೈಲು ಹತ್ತಿ ಬೈಯಪ್ಪನಹಳ್ಳಿಗೆ ಹೋಗಿ ಹಿಂದಿರುಗಿದೆವು. ಕಿಟಕಿಯ ಬಳಿ ಕುಳಿತು ಮನೆಗಳ ತಾರಸಿಗಳನ್ನೂ ಒಣಹಾಕಿದ ಬಟ್ಟೆಗಳನ್ನೂ ಕಣ್ತುಂಬ ನೋಡುತ್ತಿದ್ದ ಅವರು ಇಳಿಯುವ ಹೊತ್ತಿಗೆ ನನ್ನ ತೋಳು ಹಿಡಿದು, “ಇನ್ನೊಂದು ಸಲ ಹೋಗಿಬರೋಣವೇನಪ್ಪ?” ಎಂದರು. ನನಗೆ ತಿಳಿದಂತೆ ಅವರು ತಮಗಾಗಿ ಬೇಕೆಂದು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ನಾನು ಮತ್ತೆ ಟೋಕನ್ ತರಲು ಹೋದೆ.