ಥೈಮೋಸಿನ್: ರಕ್ಷಕ ಕಣಗಳನ್ನು ಎಚ್ಚರಿಸುವ ಮದ್ದು

ನಮ್ಮ ಎದೆಮೂಳೆಯ ಹಿಂದೆ ಥೈಮಸ್ ಎಂಬ ಪುಟ್ಟ ಗ್ರಂಥಿಯಿದೆ. ವೈರಾಣುಗಳೊಡನೆ ಹೋರಾಡುವ ಟಿ-ಕಣಗಳು ಪಕ್ವಗೊಳ್ಳುವುದು ಅಲ್ಲಿಯೇ. ವಯಸ್ಸಾದಂತೆ ಅದು ಕುಗ್ಗುತ್ತದೆ. ಮುಪ್ಪಿನಲ್ಲಿ ಸೋಂಕು ಹೆಚ್ಚಾಗಿ ಕಾಡಲು ಇದೂ ಒಂದು ಕಾರಣ.

1977ರಲ್ಲಿ ಅಲನ್ ಗೋಲ್ಡ್‌ಸ್ಟೀನ್ ಮತ್ತು ಅವರ ಸಹೋದ್ಯೋಗಿಗಳು ಕರುವಿನ ಥೈಮಸ್‌ನಲ್ಲಿ ಕಂಡ ಪೆಪ್ಟೈಡ್ ಒಂದನ್ನು ವಿವರಿಸಿದರು. 28 ಅಮೈನೋ ಆಮ್ಲಗಳ ಈ ಕಿರುಸರಪಳಿಯೇ ಥೈಮೋಸಿನ್ ಆಲ್ಫಾ-1. ಇಂದು ಈ ಮದ್ದಿಗೆ ಪ್ರಾಣಿಯ ಅಂಗ ಬೇಕಿಲ್ಲ (ನಮ್ಮಲ್ಲಿ ಅನೇಕರಿಗೆ ಇದು ಸಮಾಧಾನದ ಸಂಗತಿ). ಅದನ್ನು ಕೃತಕವಾಗಿಯೇ ತಯಾರಿಸುತ್ತಾರೆ. ಮುಖ್ಯವಾಗಿ ಅದು ರಕ್ಷಕ ಕಣಗಳನ್ನು ಎಚ್ಚರಿಸಿ, ಅವುಗಳ ಮೂಲಕ ವೈರಾಣುವನ್ನು ಹತ್ತಿಕ್ಕುತ್ತದೆ. ಚೀನಾ ಮೊದಲಾದ ದೇಶಗಳಲ್ಲಿ ಹೆಪಟೈಟಿಸ್-ಬಿ ಚಿಕಿತ್ಸೆಗೆ ಬಳಕೆಯಲ್ಲಿದೆ.

ಆದರೆ ಅದು ಸರ್ವರೋಗಕ್ಕೂ ಸಲ್ಲದು. ಸೋಂಕಿನಿಂದ ಅಂಗಾಂಗಗಳೇ ಸೋಲುವ ಸೆಪ್ಸಿಸ್ ಸ್ಥಿತಿಯ 1,106 ರೋಗಿಗಳನ್ನು ಒಳಗೊಂಡು ಚೀನಾದಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. 28 ದಿನಗಳೊಳಗಿನ ಸಾವುಗಳು ಸ್ಪಷ್ಟವಾಗಿ ತಗ್ಗಿರಲಿಲ್ಲ.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ಅರಿಕೆಯಿಷ್ಟು: ರೋಗನಿರೋಧಕ ಶಕ್ತಿ ಹೆಚ್ಚಿಸುವುದೆಂದು ಮಾರುವ ಪೆಪ್ಟೈಡ್ ಚುಚ್ಚುಮದ್ದನ್ನು ವೈದ್ಯರನ್ನು ಕೇಳದೆ ಪಡೆಯಬಾರದು. ಅಂಗ ಕಸಿಯಾದವರಲ್ಲಿ ಎಚ್ಚೆತ್ತ ಕಣಗಳು ಕಸಿಯ ಅಂಗವನ್ನೇ ತಿರಸ್ಕರಿಸಬಹುದು. ಹೆಪಟೈಟಿಸ್-ಬಿ ಮಾತ್ರೆಗಳನ್ನು ತಾವಾಗಿ ನಿಲ್ಲಿಸಿದರೆ ಯಕೃತ್ತಿನ ಉರಿಯೂತ ಹಠಾತ್ತನೆ ಉಲ್ಬಣಿಸೀತು. ಈ ರೋಗ ತಡೆಯುವ ಲಸಿಕೆಯನ್ನು ಶಿಶು ಜನಿಸಿದ 24 ಗಂಟೆಗಳೊಳಗೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡುತ್ತಾರೆ.